ಸ್ವಂತ ದುಡಿಮೆಯವರಿಗೆ ಆರೋಗ್ಯ ವಿಮೆ: ಫಾರ್ಮ್ ತುಂಬುವ ಮುಂಚಿನಿಂದ ಕ್ಲೇಮ್ ಕೈಗೆ ಬರುವವರೆಗೆ

ಕೆಲಸ ಬಿಟ್ಟ ದಿನ ಸಂಬಳ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಅವತ್ತೇ ನಿಲ್ಲುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ ಹಳೇ ಕಾರ್ಡ್ ಕೊಟ್ಟಾಗ. ಡಿಸೈನರ್, ಅನುವಾದಕ, ಫೋಟೋಗ್ರಾಫರ್, ಮನೆಪಾಠದ ಮೇಷ್ಟ್ರು, ಸಾಫ್ಟ್‌ವೇರ್ ಬರೆದುಕೊಡುವವರು, ಯಾರೇ ಆಗಲಿ, ಸ್ವಂತ ದುಡಿಮೆಗೆ ಇಳಿದ ಮೇಲೆ ನಮಗೊಬ್ಬ ಎಚ್‌ಆರ್ ಇರುವುದಿಲ್ಲ. ಪಾಲಿಸಿ ಆರಿಸುವುದು, ಓದುವುದು, ಪ್ರೀಮಿಯಂ ಕಟ್ಟುವುದು, ಕ್ಲೇಮ್ ತಿರಸ್ಕಾರವಾದರೆ ಜಗಳ ಆಡುವುದು ಎಲ್ಲವೂ ನಮ್ಮ ತಲೆ ಮೇಲೆಯೇ.

ಹಾಗಂತ ಇದು ಕಷ್ಟದ ಕೆಲಸವೇನಲ್ಲ. ಒಂದು ಭಾನುವಾರ ಪೂರ್ತಿ ಕೂತರೆ ಮುಕ್ಕಾಲು ಭಾಗ ಮುಗಿಯುತ್ತದೆ. ನಾನು ಹತ್ತಾರು ಗೆಳೆಯರ ಜೊತೆ ಹೀಗೆ ಕೂತಿದ್ದೇನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹಂತ 1: ಈಗ ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳಿ

ಇನ್ನೂ ಕೆಲಸದಲ್ಲಿದ್ದು, ಬಿಡುವ ಯೋಚನೆ ಇದ್ದರೆ ಇದು ನಿಮಗೆ ತುಂಬಾ ಮುಖ್ಯ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇದೆ. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಹೀಗೆ ಬದಲಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಹೊಸ ಪಾಲಿಸಿಯ ಕಾಯುವ ಅವಧಿಯಲ್ಲಿ, ಅಂದರೆ ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗದ ಆರಂಭದ ಅವಧಿಯಲ್ಲಿ, ಲೆಕ್ಕಕ್ಕೆ ಬರುತ್ತವೆ. ರಾಜೀನಾಮೆ ಪತ್ರ ಕೊಟ್ಟ ವಾರದಲ್ಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ವಿಮಾ ಸಂಸ್ಥೆಗೂ ಒಂದು ಹಾಕಿ. ಕೊನೆಯ ದಿನದವರೆಗೆ ಕಾಯಬೇಡಿ. ಆಮೇಲೆ ನಿಮ್ಮ ಆಫೀಸ್ ಮೇಲ್ ಕೂಡ ತೆರೆಯುವುದಿಲ್ಲ.

ಗಂಡನಿಗೋ ಹೆಂಡತಿಗೋ ಆಫೀಸಿನ ವಿಮೆ ಇದ್ದರೆ ಅದರಲ್ಲಿ ನಿಮ್ಮ ಹೆಸರನ್ನೂ ಸೇರಿಸಿ. ಆದರೆ ಅದನ್ನೊಂದನ್ನೇ ನಂಬಬೇಡಿ. ಅವರ ಕೆಲಸ ಹೋದರೆ ಇಬ್ಬರಿಗೂ ಒಟ್ಟಿಗೆ ವಿಮೆ ಇಲ್ಲದಂತಾಗುತ್ತದೆ.

ಸರ್ಕಾರದ ಯೋಜನೆಗಳನ್ನೂ ನೋಡಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ, ಶೇ 30ರಷ್ಟು ಭಾಗ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಊರಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯ ನೋಂದಣಿ ಯಾವಾಗ ಅಂತ ಸಂಘದ ಕಾರ್ಯದರ್ಶಿಯನ್ನು ಕೇಳಿ. ಪಟ್ಟಣದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಎಷ್ಟೋ ಜನರ ಹೆಸರು ಊರಿನ ಹಾಲಿನ ಸೊಸೈಟಿಯಲ್ಲಿ ಇನ್ನೂ ಇರುತ್ತದೆ, ಅವರಿಗೇ ಮರೆತಿರುತ್ತದೆ.

ಒಂದು ಮಾತು. 14 ಅಂಕಿಯ ಆಭಾ ಕಾರ್ಡ್ ವಿಮೆ ಅಲ್ಲ. ಅದು ನಿಮ್ಮ ಆರೋಗ್ಯದ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ ಅಷ್ಟೇ. ಆಭಾ ಮಾಡಿಸಿಕೊಂಡಿದ್ದೀನಲ್ಲ, ಇನ್ನೇನು ಬೇಕು ಅಂತ ನಿಶ್ಚಿಂತೆಯಾಗಿ ಇರುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ಹಂತ 2: ಯಾರಿಗೆ, ಎಷ್ಟು ಮೊತ್ತಕ್ಕೆ

ಒಂಟಿಯಾಗಿದ್ದರೆ ವೈಯಕ್ತಿಕ ಪಾಲಿಸಿ. ಗಂಡ, ಹೆಂಡತಿ, ಮಕ್ಕಳಿಗೆ ಸೇರಿ ಫ್ಯಾಮಿಲಿ ಫ್ಲೋಟರ್. ಫ್ಲೋಟರ್ ಅಂದರೆ ಒಂದೇ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವುದು. ಇದರ ಪ್ರೀಮಿಯಂ ಸಾಮಾನ್ಯವಾಗಿ ಮನೆಯಲ್ಲಿ ದೊಡ್ಡ ವಯಸ್ಸಿನವರು ಯಾರೋ ಅವರ ವಯಸ್ಸಿನ ಮೇಲೆ ನಿಂತಿರುತ್ತದೆ. ಹಾಗಾಗಿ ಅಪ್ಪ ಅಮ್ಮನನ್ನು ಅದರಲ್ಲಿ ಸೇರಿಸಬೇಡಿ. ಅವರಿಗೆ ಬೇರೆಯೇ ಪಾಲಿಸಿ ಮಾಡಿಸಿ. ಸೇರಿಸಿದರೆ ಪ್ರೀಮಿಯಂ ಏರುತ್ತದೆ. ಅಷ್ಟೇ ಅಲ್ಲ, ಅವರ ಒಂದು ದೊಡ್ಡ ಚಿಕಿತ್ಸೆಯಲ್ಲೇ ಆ ವರ್ಷದ ಮೊತ್ತವೆಲ್ಲ ಖಾಲಿಯಾಗಬಹುದು.

65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಅಂತ ಇನ್ನೂ ಹೇಳುವವರಿದ್ದಾರೆ. ಹಾಗೇನಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳಲ್ಲಿ ಆ ವಯಸ್ಸಿನ ಮಿತಿ ಇಲ್ಲ. ಎಲ್ಲ ವಯಸ್ಸಿನವರಿಗೂ ಸಂಸ್ಥೆಗಳು ಪಾಲಿಸಿ ಇಟ್ಟಿರಬೇಕು.

ಮೊತ್ತ ಎಷ್ಟಿರಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ದೊಡ್ಡ ನಗರದಲ್ಲಿ ಇರುವವರು 10 ಲಕ್ಷಕ್ಕಿಂತ ಕಡಿಮೆ ಮಾಡಿಸಬಾರದು. ಅಷ್ಟು ಪ್ರೀಮಿಯಂ ಈಗ ಆಗದು ಅನ್ನುವವರಿಗೆ ಒಂದು ದಾರಿ ಇದೆ. 5 ಲಕ್ಷದ ಮೂಲ ಪಾಲಿಸಿ ತೆಗೆದುಕೊಂಡು ಅದರ ಮೇಲೆ ಸೂಪರ್ ಟಾಪ್‌ಅಪ್, ಅಂದರೆ ಒಂದು ಮಿತಿ ದಾಟಿದ ಮೇಲಿನ ಖರ್ಚನ್ನು ಕೊಡುವ ಹೆಚ್ಚುವರಿ ಪಾಲಿಸಿ, ಹಾಕಿಸಿ. ಟಾಪ್‌ಅಪ್‌ಗೂ ಸೂಪರ್ ಟಾಪ್‌ಅಪ್‌ಗೂ ವ್ಯತ್ಯಾಸ ತಿಳಿದಿರಲಿ. ನಿಮ್ಮ ಮಿತಿ 5 ಲಕ್ಷ ಅಂದುಕೊಳ್ಳಿ. ವರ್ಷದಲ್ಲಿ ಒಮ್ಮೆ 3 ಲಕ್ಷ, ಇನ್ನೊಮ್ಮೆ 4 ಲಕ್ಷ ಬಿಲ್ ಆಯಿತು. ಬರೀ ಟಾಪ್‌ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ. ಎರಡೂ 5 ಲಕ್ಷ ದಾಟಿಲ್ಲ, ಹಾಗಾಗಿ ಒಂದು ರೂಪಾಯಿಯೂ ಕೊಡುವುದಿಲ್ಲ. ಸೂಪರ್ ಟಾಪ್‌ಅಪ್ ವರ್ಷದ ಒಟ್ಟು 7 ಲಕ್ಷ ನೋಡುತ್ತದೆ, ಮೇಲಿನ 2 ಲಕ್ಷ ಕೊಡುತ್ತದೆ. ಹೆಸರಿನಲ್ಲಿ ಒಂದು ಪದ ಜಾಸ್ತಿ, ಕೈಗೆ ಬರುವುದು 2 ಲಕ್ಷ ಜಾಸ್ತಿ.

ಯಾವ ಪಾಲಿಸಿ ಅಂತಲೇ ಗೊತ್ತಾಗದೆ ತಲೆ ಕೆಟ್ಟಿದ್ದರೆ ಆರೋಗ್ಯ ಸಂಜೀವಿನಿಯಿಂದ ಶುರು ಮಾಡಬಹುದು. ಇದು 2020ರ ಏಪ್ರಿಲ್‌ನಲ್ಲಿ ಬಂದ ಮಾದರಿ ಪಾಲಿಸಿ. ಯಾವ ಸಂಸ್ಥೆಯಲ್ಲಿ ಕೊಂಡರೂ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ. ಆದರೆ ಇದರಲ್ಲಿ ಪ್ರತಿ ಕ್ಲೇಮಿನ ಶೇ 5ರಷ್ಟು ನೀವೇ ಕೊಡಬೇಕು, ರೂಮಿನ ಬಾಡಿಗೆಗೆ ದಿನಕ್ಕೆ 5,000 ರೂಪಾಯಿಯ ಮಿತಿ ಇದೆ. ಏನೂ ಇಲ್ಲದಿರುವುದಕ್ಕಿಂತ ಖಂಡಿತ ಒಳ್ಳೆಯದು. ದುಡಿಮೆ ಸುಧಾರಿಸಿದ ಮೇಲೆ ಬೇರೆಯದಕ್ಕೆ ಹೋಗಬಹುದು.

ಹಂತ 3: ಪಾಲಿಸಿಯಲ್ಲಿ ಓದಲೇಬೇಕಾದದ್ದು

ಪಾಲಿಸಿ ಪುಸ್ತಕ ನಲವತ್ತು ಐವತ್ತು ಪುಟ ಇರುತ್ತದೆ. ಅಷ್ಟನ್ನೂ ಓದಿ ಅಂದರೆ ಯಾರೂ ಓದುವುದಿಲ್ಲ. ಗ್ರಾಹಕ ಮಾಹಿತಿ ಪತ್ರ ಅಂತ ಒಂದು ಇರುತ್ತದೆ, ಅದನ್ನು ಕೊಡುವುದು ಸಂಸ್ಥೆಗೆ ಕಡ್ಡಾಯ. ಮುಖ್ಯ ಷರತ್ತುಗಳೆಲ್ಲ ಅದರಲ್ಲಿ ಕೆಲವೇ ಪುಟಗಳಲ್ಲಿ ಇರುತ್ತವೆ. ದುಡ್ಡು ಕಟ್ಟುವ ಮುಂಚೆ ಅದನ್ನು ಕೇಳಿ ತರಿಸಿಕೊಳ್ಳಿ, ಪೆನ್ ಹಿಡಿದು ಓದಿ.

ಮೊದಲು ಹುಡುಕಬೇಕಾದದ್ದು ರೂಮ್ ಬಾಡಿಗೆಯ ಮಿತಿ. ಇದರಿಂದ ಎಷ್ಟು ಪೆಟ್ಟು ಬೀಳುತ್ತದೆ ಅನ್ನುವುದು ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುವುದು. 5 ಲಕ್ಷದ ಪಾಲಿಸಿ, ರೂಮಿಗೆ ಆ ಮೊತ್ತದ ಶೇ 1, ಅಂದರೆ ದಿನಕ್ಕೆ 5,000 ರೂಪಾಯಿ. ಆಸ್ಪತ್ರೆಯಲ್ಲಿ 8,000 ರೂಪಾಯಿಯ ರೂಮ್ ಖಾಲಿ ಇತ್ತು, ನಾಲ್ಕು ದಿನ ಇದ್ದಿರಿ. ಹೆಚ್ಚುವರಿ 3,000ದಂತೆ 12,000 ರೂಪಾಯಿ ಕೈಯಿಂದ ಹೋಗುತ್ತದೆ ಅಂದುಕೊಳ್ಳುತ್ತೀರಿ, ಅಲ್ವಾ? ಅಷ್ಟಕ್ಕೇ ನಿಲ್ಲುವುದಿಲ್ಲ. ಅರ್ಹತೆ ಇದ್ದದ್ದು 8ರಲ್ಲಿ 5 ಭಾಗ. ಹಾಗಾಗಿ ಸರ್ಜನ್ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್‌ನಂಥ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಅವೆಲ್ಲ ಸೇರಿ 1,60,000 ಆಗಿದ್ದರೆ ಸಿಗುವುದು 1,00,000. ಉಳಿದ 60,000 ನಿಮ್ಮದು. ರೂಮಿನ 12,000 ಸೇರಿಸಿದರೆ 72,000. ಔಷಧಿ, ಟೆಸ್ಟ್, ದೇಹದೊಳಗೆ ಹಾಕುವ ಇಂಪ್ಲಾಂಟ್ ಮತ್ತು ಐಸಿಯು ಖರ್ಚಿಗೆ ಈ ಕಡಿತ ಮಾಡುವಂತಿಲ್ಲ. ಬಿಲ್ಲಿನಲ್ಲಿ ಅದಕ್ಕೂ ಕತ್ತರಿ ಹಾಕಿದ್ದರೆ ಪ್ರಶ್ನೆ ಮಾಡಿ.

ರೂಮ್ ಮಿತಿ ಇಲ್ಲದ ಪಾಲಿಸಿ, ಅಥವಾ ಒಬ್ಬರೇ ಇರುವ ಸಾಧಾರಣ ಎಸಿ ರೂಮಿಗೆ ಒಪ್ಪುವ ಪಾಲಿಸಿ ಸಿಕ್ಕರೆ ಸ್ವಲ್ಪ ಪ್ರೀಮಿಯಂ ಜಾಸ್ತಿ ಆದರೂ ಅದನ್ನೇ ತೆಗೆದುಕೊಳ್ಳಿ.

ಆಮೇಲೆ ಕಾಯುವ ಅವಧಿ. ಪಾಲಿಸಿ ಶುರುವಾದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮಂಡಿ ಬದಲಾವಣೆ ಇಂಥವುಗಳಿಗೆ ಬೇರೆ ಪಟ್ಟಿಯೇ ಇರುತ್ತದೆ, ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿಗೆ ಮುಂಚೆಯೇ ಇದ್ದ ಬಿಪಿ, ಶುಗರ್‌ನಂಥ ಕಾಯಿಲೆಗಳಿಗೆ ಈಗ ಗರಿಷ್ಠ 36 ತಿಂಗಳು. 2024ಕ್ಕೆ ಮುಂಚೆ ಇದು 48 ತಿಂಗಳಿತ್ತು. ಹೆರಿಗೆಗೂ ಪ್ರತ್ಯೇಕ ಅವಧಿ ಇರುತ್ತದೆ. ಮಗುವಿನ ಯೋಚನೆ ಇರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಗರ್ಭಿಣಿ ಎಂದು ಗೊತ್ತಾದ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ.

ಸ್ವಂತ ದುಡಿಮೆಯವರು ತಡ ಮಾಡಬಾರದು ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಈ ಗಡಿಯಾರ ಓಡಲು ಶುರುವಾಗುವುದು ಮೊದಲ ಪಾಲಿಸಿ ಶುರುವಾದ ದಿನದಿಂದ. ಆರೋಗ್ಯ ಚೆನ್ನಾಗಿರುವಾಗಲೇ ಶುರು ಮಾಡಿಬಿಡಿ.

ಇನ್ನುಳಿದವು ಬೇಗ ಹೇಳುತ್ತೇನೆ. ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಕೊಡಬೇಕಾದ ಪಾಲು, ಇದೆಯಾ, ಎಷ್ಟು? ಕೆಲವು ಚಿಕಿತ್ಸೆಗಳಿಗೆ ಒಳಮಿತಿ ಇದೆಯಾ? ಗ್ಲೌಸ್, ಮಾಸ್ಕ್‌ನಂಥ ವಸ್ತುಗಳ ಖರ್ಚು ಸೇರುತ್ತದೆಯಾ? ಸೇರದಿದ್ದರೆ ಅದಕ್ಕೊಂದು ಹೆಚ್ಚುವರಿ ಸೌಲಭ್ಯ ಸಿಗುತ್ತದೆ, ಕೊಳ್ಳುವುದು ಒಳ್ಳೆಯದು. ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯಾದ ಮೇಲಿನ ಎಷ್ಟು ದಿನದ ಖರ್ಚು ಕೊಡುತ್ತಾರೆ? ನಿಮ್ಮ ಮನೆ ಹತ್ತಿರದ, ನೀವು ನಿಜವಾಗಿ ಹೋಗುವ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ವಿಮಾ ಸಂಸ್ಥೆಯೇ ನೇರವಾಗಿ ಬಿಲ್ ಕಟ್ಟುವ ಆಸ್ಪತ್ರೆಗಳ ಪಟ್ಟಿಯಲ್ಲಿ, ಇದೆಯಾ? ಈ ಕೊನೆಯದಕ್ಕೆ ವೆಬ್‌ಸೈಟ್ ನಂಬಬೇಡಿ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಫೋನ್ ಮಾಡಿ. ಯಾವ ಸಂಸ್ಥೆಯ ಜೊತೆ ಕಿರಿಕಿರಿ ಕಡಿಮೆ ಅಂತಲೂ ಅಲ್ಲಿರುವವರೇ ಸರಿಯಾಗಿ ಹೇಳುತ್ತಾರೆ. ದಿನಾ ಅದೇ ಕೆಲಸ ಮಾಡುವವರು ಅವರು.

ಹಂತ 4: ಫಾರ್ಮ್ ನೀವೇ ತುಂಬಿ, ನಿಜ ಬರೆಯಿರಿ

ಇಡೀ ಪ್ರಕ್ರಿಯೆಯಲ್ಲಿ ನಿಮ್ಮ ಕೈಯಲ್ಲೇ ಪೂರ್ತಿ ಇರುವುದು ಇದೊಂದು. ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿ ಕೋರುವ ಅರ್ಜಿಯಲ್ಲಿ, ಆರೋಗ್ಯದ ಬಗ್ಗೆ ಹತ್ತು ಹದಿನೈದು ಪ್ರಶ್ನೆ ಇರುತ್ತವೆ. ಬಿಪಿ ಇದೆಯಾ, ಶುಗರ್, ಥೈರಾಯ್ಡ್, ಆಸ್ತಮಾ, ಹಿಂದೆ ಆದ ಆಪರೇಷನ್, ಈಗ ತೆಗೆದುಕೊಳ್ಳುವ ಮಾತ್ರೆ, ಸಿಗರೇಟು, ಕುಡಿತ. "ಸುಮ್ನೆ ಎಲ್ಲಕ್ಕೂ ಇಲ್ಲ ಅಂತ ಹಾಕಿ ಸಾರ್, ಬೇಗ ಪಾಸ್ ಆಗುತ್ತೆ" ಅನ್ನುವ ಏಜೆಂಟ್ ಸಿಗಬಹುದು. ಅವರ ಕೈಯಿಂದ ಫಾರ್ಮ್ ವಾಪಸ್ ತೆಗೆದುಕೊಳ್ಳಿ. ಕ್ಲೇಮ್ ಬಂದ ದಿನ ಸಹಿ ನಿಮ್ಮದೇ ಇರುತ್ತದೆ.

ಎಂಟು ವರ್ಷದ ಹಿಂದೆ ಆದ ಅಪೆಂಡಿಕ್ಸ್ ಆಪರೇಷನ್ ಕೂಡ ಬರೆಯಿರಿ. ದಿನಾ ಬೆಳಗ್ಗೆ ನುಂಗುವ ಥೈರಾಯ್ಡ್ ಮಾತ್ರೆಯನ್ನು ಎಷ್ಟೋ ಜನ ಕಾಯಿಲೆ ಅಂತಲೇ ಲೆಕ್ಕ ಹಾಕುವುದಿಲ್ಲ. ಅದನ್ನೂ ಬರೆಯಿರಿ. ನಿಜ ಹೇಳಿದರೆ ಆಗುವುದೇನು? ಪ್ರೀಮಿಯಂಗೆ ಸ್ವಲ್ಪ ಸೇರಿಸಬಹುದು, ಅದಕ್ಕೆ ಲೋಡಿಂಗ್ ಅನ್ನುತ್ತಾರೆ. ವೈದ್ಯಕೀಯ ಪರೀಕ್ಷೆ ಮಾಡಿಸಿ ಅನ್ನಬಹುದು. ಒಂದು ಸಂಸ್ಥೆ ಬೇಡ ಅನ್ನಬಹುದು, ಇನ್ನೊಂದು ಒಪ್ಪಬಹುದು. ಮುಚ್ಚಿಟ್ಟರೆ ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿ, ಬೇಕಾದ ದಿನ ಬರಿಗೈ.

ಪಾಲಿಸಿ ಬಿಡದೆ 60 ತಿಂಗಳು ನಡೆದರೆ ಆಮೇಲೆ ಹೇಳದೆ ಬಿಟ್ಟ ಮಾಹಿತಿಯ ನೆಪ ಹೇಳಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ವಂಚನೆ ಎಂದು ಸಾಬೀತಾದರೆ ಮಾತ್ರ ಬೇರೆ. ಈ ನಿಯಮ ಪ್ರಾಮಾಣಿಕವಾಗಿ ಮರೆತವರ ರಕ್ಷಣೆಗೆ ಇರುವುದು. ಐದು ವರ್ಷ ಹೇಗೋ ತಳ್ಳಿಬಿಡೋಣ ಅಂತ ಲೆಕ್ಕ ಹಾಕಬೇಡಿ. ಕಾಯಿಲೆ ನಮ್ಮ ಲೆಕ್ಕ ಕೇಳಿಕೊಂಡು ಬರುವುದಿಲ್ಲ.

ಉದ್ಯೋಗ ಅನ್ನುವ ಕಡೆ "ಸ್ವಂತ ಉದ್ಯೋಗ" ಅಂತ ಬರೆದು, ಏನು ಕೆಲಸ ಅನ್ನುವುದನ್ನೂ ಸ್ಪಷ್ಟವಾಗಿ ಬರೆಯಿರಿ. ಆಧಾರ್, ಪ್ಯಾನ್, ಫೋಟೋ ಸಾಕಾಗುತ್ತದೆ. ಸಂಬಳದ ಚೀಟಿ ಇಲ್ಲ ಅಂತ ಅಂಜಬೇಕಿಲ್ಲ. ನಾಮಿನಿ ಹೆಸರು ಮರೆಯಬೇಡಿ. ತುಂಬಿದ ಫಾರ್ಮಿನ ಪ್ರತಿ ನಿಮ್ಮ ಹತ್ತಿರ ಇರಲೇಬೇಕು.

ಹಂತ 5: ಏರಿಳಿತದ ಸಂಪಾದನೆಯಲ್ಲಿ ಪ್ರೀಮಿಯಂ ಹೊಂದಿಸುವುದು

ಒಂದು ತಿಂಗಳು ಕೈತುಂಬಾ, ಮುಂದಿನ ಎರಡು ತಿಂಗಳು ಗ್ರಾಹಕರ ದುಡ್ಡಿಗೆ ಕಾಯುವುದು. ಇದು ನಮ್ಮ ಬದುಕು. ಹಾಗಾಗಿ ಪ್ರೀಮಿಯಂ ಕಂತಿನಲ್ಲಿ ಕಟ್ಟುವುದು ಹಗುರ ಅನ್ನಿಸುತ್ತದೆ. ಆದರೆ ಬರಿದಾದ ತಿಂಗಳಲ್ಲಿ ಕಂತು ತಪ್ಪುವ ಅಪಾಯವೂ ಅದರಲ್ಲೇ ಜಾಸ್ತಿ. ಮಾಸಿಕ ಕಂತಿಗೆ ಸಿಗುವ ಹೆಚ್ಚುವರಿ ಗಡುವು 15 ದಿನ. ಮೂರು ತಿಂಗಳು, ಆರು ತಿಂಗಳು ಅಥವಾ ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ. ಅದೂ ದಾಟಿದರೆ ಪಾಲಿಸಿ ಹೋಯಿತು, ಕಾಯುವ ಅವಧಿಯಲ್ಲಿ ಕಳೆದ ವರ್ಷಗಳೂ ಹೋದವು.

ನಾನು ಮಾಡುವುದು ಇಷ್ಟು. ಬೇರೆ ಒಂದು ಉಳಿತಾಯ ಖಾತೆ ಇದೆ. ಪ್ರತಿ ಬಿಲ್ಲಿನ ದುಡ್ಡು ಬಂದಾಗ, ಬಂದ ದಿನವೇ, ಒಂದು ಭಾಗ ಅದಕ್ಕೆ ಹಾಕುತ್ತೇನೆ. ಪಾಲಿಸಿ ನವೀಕರಣದ ತಾರೀಖನ್ನು ನನಗೆ ಹಣ ಚೆನ್ನಾಗಿ ಬರುವ ತಿಂಗಳಿಗೆ ಹೊಂದುವಂತೆ ನೋಡಿಕೊಂಡು ಶುರು ಮಾಡಿದೆ. ವರ್ಷದ್ದು ಒಟ್ಟಿಗೆ ಕಟ್ಟುತ್ತೇನೆ. ಒಳ್ಳೆಯ ವರ್ಷ ಬಂದರೆ ಎರಡು ಮೂರು ವರ್ಷದ್ದು ಒಮ್ಮೆಗೇ ಕಟ್ಟಿದರೆ ರಿಯಾಯಿತಿಯೂ ಸಿಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಕಟ್ಟುತ್ತಿದ್ದೆವು. ಯಾರಾದರೂ ಹಳೆಯ ದರಪಟ್ಟಿ ತೋರಿಸಿ ತೆರಿಗೆ ಸೇರಿಸಿದರೆ ಕೇಳಿ.

ಆದಾಯ ತೆರಿಗೆಯ ವಿಷಯ: ಎಲ್ಲರೂ 80ಡಿ ಅಂತ ಕರೆಯುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಿಮಗೆ, ಸಂಗಾತಿಗೆ, ಮಕ್ಕಳಿಗೆ ಸೇರಿ ವರ್ಷಕ್ಕೆ 25,000 ರೂಪಾಯಿವರೆಗೆ. ತಂದೆ ತಾಯಿಗೆ ಕಟ್ಟಿದ್ದಕ್ಕೆ ಬೇರೆ 25,000, ಅವರಿಗೆ 60 ದಾಟಿದ್ದರೆ 50,000. ನಗದಾಗಿ ಪ್ರೀಮಿಯಂ ಕಟ್ಟಿದರೆ ಇದು ಸಿಗುವುದಿಲ್ಲ, ಹಾಗಾಗಿ ಯುಪಿಐ ಅಥವಾ ಬ್ಯಾಂಕಿನಿಂದ ಕಟ್ಟಿ. ನಿಮ್ಮ ಸ್ವಂತ ಆರೋಗ್ಯ ವಿಮೆಯನ್ನು ವ್ಯವಹಾರದ ಖರ್ಚಿನಲ್ಲಿ ಬರೆಯಬೇಡಿ. ಹೊಸ ಪದ್ಧತಿಯಲ್ಲಿದ್ದರೆ ತೆರಿಗೆ ಉಳಿಯುವುದಿಲ್ಲ ನಿಜ, ಆದರೆ ವಿಮೆ ಮಾಡಿಸುವುದು ತೆರಿಗೆಗಾಗಿ ಅಲ್ಲವಲ್ಲ.

ಹಂತ 6: ಪಾಲಿಸಿ ಕೈಗೆ ಬಂದ ಮೊದಲ ತಿಂಗಳು

ಹೆಸರು, ಹುಟ್ಟಿದ ದಿನಾಂಕ, ನೀವು ಹೇಳಿದ ಕಾಯಿಲೆಗಳು ಪಾಲಿಸಿಯಲ್ಲಿ ಸರಿಯಾಗಿ ಬಂದಿವೆಯಾ ನೋಡಿ. ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ಕಾರ್ಡನ್ನು ಮನೆಯ ಇನ್ನಿಬ್ಬರ ಫೋನಿನಲ್ಲಿ ಇಡಿ. ಬಿದ್ದವರು ನೀವೇ ಆಗಿದ್ದರೆ ನಿಮ್ಮ ಫೋನಿನ ಲಾಕ್ ತೆಗೆಯುವವರು ಯಾರು?

ಹಂತ 7: ದುಡಿಮೆಯೇ ನಿಂತರೆ

ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ ಕೊಡುತ್ತದೆ. ಕೈ ಮುರಿದುಕೊಂಡು ಎರಡು ತಿಂಗಳು ಮನೆಯಲ್ಲಿ ಕೂತರೆ ಮನೆ ಬಾಡಿಗೆ ಕೊಡುವುದಿಲ್ಲ. ನಮಗೆ ಸಂಬಳ ಸಹಿತ ರಜೆ ಅನ್ನುವುದೇ ಇಲ್ಲ. ಅದಕ್ಕೇ ವೈಯಕ್ತಿಕ ಅಪಘಾತ ಪಾಲಿಸಿ ಬೇರೆ ಮಾಡಿಸಿ. ಅದರಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲಾಗದ ಸ್ಥಿತಿಗೆ ವಾರಕ್ಕಿಷ್ಟು ಅಂತ ಹಣ ಕೊಡುವ ಸೌಲಭ್ಯವನ್ನು ಕೇಳಿ ಸೇರಿಸಿಕೊಳ್ಳಿ. ಇದಕ್ಕೆ ಆದಾಯದ ದಾಖಲೆ ಕೇಳಬಹುದು. ತಪ್ಪದೆ ತೆರಿಗೆ ರಿಟರ್ನ್ ಸಲ್ಲಿಸುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ.

ಅಷ್ಟರಲ್ಲಿ ಬ್ಯಾಂಕ್ ಖಾತೆಯಿಂದಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಶುರು ಮಾಡಿ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಇದನ್ನು ಮಾಡಿಸದೆ ಇರಲು ಕಾರಣವೇ ಇಲ್ಲ.

ಹಂತ 8: ಆಸ್ಪತ್ರೆ ಸೇರುವಾಗ

ಮೊದಲೇ ನಿಗದಿಯಾದ ಚಿಕಿತ್ಸೆಯಾದರೆ ಎರಡು ಮೂರು ದಿನ ಮುಂಚೆ, ತುರ್ತಾದರೆ 24 ಗಂಟೆಯೊಳಗೆ ಸಂಸ್ಥೆಗೆ ತಿಳಿಸಿ. ಕ್ಯಾಶ್‌ಲೆಸ್ ಕೋರಿಕೆ ಬಂದ ಒಂದು ಗಂಟೆಯೊಳಗೆ ಸಂಸ್ಥೆ ತೀರ್ಮಾನ ಹೇಳಬೇಕು. ಬಿಡುಗಡೆಯ ಸಮಯದಲ್ಲಿ ಆಸ್ಪತ್ರೆ ಕೋರಿಕೆ ಕಳಿಸಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ಶುಲ್ಕ ಹಾಕಿದರೆ ಅದನ್ನು ಭರಿಸಬೇಕಾದವರು ವಿಮಾ ಸಂಸ್ಥೆಯವರೇ. ಇದು ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ಕಾಯಿಸುತ್ತಿದ್ದರೆ ಇದನ್ನು ನೆನಪಿಸಿ.

ಈಗ ಹೇಳುವುದು ನಮ್ಮ ಮನೆಯಲ್ಲೇ ಆದದ್ದು. ರಾತ್ರಿ ಹನ್ನೊಂದೂವರೆ. ಅಪ್ಪನಿಗೆ ಎದೆನೋವು. ಕ್ಯಾಶುಯಲ್ಟಿಯಲ್ಲಿ ಚಿಕ್ಕ ವಯಸ್ಸಿನ ಡ್ಯೂಟಿ ಡಾಕ್ಟರ್ ಕೇಸ್ ಶೀಟ್ ಹಿಡಿದು ಕೇಳಿದರು, "ಬಿಪಿ ಎಷ್ಟು ವರ್ಷದಿಂದ ಇದೆ?" ಅಮ್ಮ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. "ಏನೋ ಹತ್ತು ವರ್ಷ ಆಗಿರಬೇಕು" ಅಂದರು. ಡಾಕ್ಟರ್ ಅದನ್ನೇ ಬರೆದರು. ಪಾಲಿಸಿ ಮಾಡಿಸಿ ಆಗ ನಾಲ್ಕು ವರ್ಷ. ಬಿಪಿ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಆ ಒಂದು ಸಾಲಿನಿಂದ, ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಹೇಳಿ ಕ್ಯಾಶ್‌ಲೆಸ್ ನಿರಾಕರಿಸಿದರು. ಸಾಲ ಮಾಡಿ ಬಿಲ್ ಕಟ್ಟಿದೆವು.

ಆಮೇಲೆ ಮನೆಯ ಬೀರುವಿನಲ್ಲಿ ಮೊದಲ ಬಿಪಿ ಮಾತ್ರೆ ಬರೆದ ಚೀಟಿ ಸಿಕ್ಕಿತು. ದಿನಾಂಕ ಸ್ಪಷ್ಟವಾಗಿತ್ತು. ಅದನ್ನು ಬರೆದ ಡಾಕ್ಟರ್ ಹತ್ತಿರ ಹೋಗಿ ಪತ್ರ ತಂದೆ. ಆಸ್ಪತ್ರೆಯವರೂ ತಿದ್ದಿದ ಟಿಪ್ಪಣಿ ಕೊಟ್ಟರು. ಎರಡು ತಿಂಗಳ ಓಡಾಟದ ಮೇಲೆ ಹಣ ಬಂತು. ಅಮ್ಮ ಇವತ್ತಿಗೂ "ನನ್ನ ಬಾಯಿಂದ ಹಾಗಾಯ್ತು" ಅಂತ ನೊಂದುಕೊಳ್ಳುತ್ತಾರೆ. ಅವರ ತಪ್ಪು ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ವರ್ಷ ನೆನಪಿರುತ್ತದೆ?

ಹಾಗಾಗಿ ಒಂದು ಹಾಳೆ ಬರೆದಿಡಿ. ಮನೆಯ ಪ್ರತಿಯೊಬ್ಬರ ಹೆಸರು, ಯಾವ ಕಾಯಿಲೆ, ಯಾವ ತಿಂಗಳು ಯಾವ ವರ್ಷ ಗೊತ್ತಾಯಿತು, ಯಾವ ಮಾತ್ರೆ. ಕಾರ್ಡಿನ ಜೊತೆ ಅದರ ಫೋಟೋ ಇರಲಿ. ಡಾಕ್ಟರ್ ಕೇಳಿದರೆ ಅದನ್ನೇ ಕೊಡಿ. ಗೊತ್ತಿಲ್ಲದ್ದಕ್ಕೆ "ಸರಿಯಾಗಿ ಗೊತ್ತಿಲ್ಲ" ಅನ್ನಿ, ಅಂದಾಜು ಹೇಳಬೇಡಿ. ಡಿಸ್ಚಾರ್ಜ್ ಸಮರಿಯನ್ನು ಆಸ್ಪತ್ರೆ ಬಿಡುವ ಮುಂಚೆ ನಿಂತು ಓದಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ನೀವೇ ಹಣ ಕಟ್ಟಿ ಆಮೇಲೆ ವಾಪಸ್ ಪಡೆಯುವುದಾದರೆ ಬೇಕಾದದ್ದು: ಡಿಸ್ಚಾರ್ಜ್ ಸಮರಿ, ಅಂತಿಮ ಬಿಲ್ಲು ಮತ್ತು ಅದರ ವಿವರ, ಹಣ ಕಟ್ಟಿದ ರಸೀದಿಗಳು, ಔಷಧಿ ಚೀಟಿ ಮತ್ತು ಅಂಗಡಿ ಬಿಲ್ಲು, ಟೆಸ್ಟ್ ವರದಿಗಳು, ಸ್ಟೆಂಟ್‌ನಂಥದ್ದು ಹಾಕಿದ್ದರೆ ಅದರ ಸ್ಟಿಕ್ಕರ್. ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಂಡ ಮೇಲೆಯೇ ಮೂಲ ಪ್ರತಿ ಕೊಡಿ. ಸಲ್ಲಿಸುವ ಗಡುವು ಪಾಲಿಸಿಯಲ್ಲಿ ಇರುತ್ತದೆ.

ಹಂತ 9: ಇಲ್ಲ ಅಂದರೆ

ಮೊದಲ ಬಾರಿ ಇಲ್ಲ ಅಂದಾಕ್ಷಣ ಕೈಚೆಲ್ಲಬೇಡಿ. ಕಾರಣವನ್ನು, ಪಾಲಿಸಿಯ ಯಾವ ಷರತ್ತಿನಡಿ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿ. ಅದರ ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು, 155255ಕ್ಕೆ ಫೋನ್ ಕೂಡ ಮಾಡಬಹುದು.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿಯ, ಹತ್ತಿರ ಹೋಗಿ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಸಂಸ್ಥೆ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಗೊತ್ತಿಲ್ಲದೆ ಬಿಟ್ಟುಬಿಡುವವರೇ ಜಾಸ್ತಿ ಅನ್ನುವುದು ನನಗೆ ತುಂಬಾ ಬೇಸರದ ವಿಷಯ.

ಪ್ರತಿ ವರ್ಷ ನವೀಕರಣಕ್ಕೆ ಮುಂಚೆ

ಹಿಂದಿನ ವರ್ಷ ಕ್ಲೇಮ್ ಮಾಡಿದ್ದೀರಿ ಅನ್ನುವ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಸಂಸ್ಥೆ ಐಆರ್‌ಡಿಎಐ ಜೊತೆ ಮೊದಲೇ ಸಮಾಲೋಚಿಸಬೇಕು. ಇದು 2025ರ ಜನವರಿಯ ಆದೇಶ. ಸಂಸ್ಥೆಯ ಸೇವೆ ಸರಿ ಇಲ್ಲ ಅನ್ನಿಸಿದರೆ ಪೋರ್ಟ್ ಮಾಡಿ ಬೇರೆ ಕಡೆ ಹೋಗಬಹುದು, ಕಾಯ್ದ ವರ್ಷಗಳು ನಿಮ್ಮ ಜೊತೆಗೇ ಬರುತ್ತವೆ. ಆದರೆ ಅರ್ಜಿಯನ್ನು ನವೀಕರಣಕ್ಕೆ ಕನಿಷ್ಠ 45 ದಿನ ಮುಂಚೆ ಹಾಕಬೇಕು. ಹೊಸ ಸಂಸ್ಥೆ ಒಪ್ಪಿಗೆ ಕೊಡುವ ತನಕ ಹಳೆಯದನ್ನು ಬಿಡಬೇಡಿ. ಈಗಲೇ ಫೋನಿನ ಕ್ಯಾಲೆಂಡರ್ ತೆಗೆದು, ನವೀಕರಣದ ತಾರೀಖಿಗೆ 60 ದಿನ ಮುಂಚೆ ಒಂದು ನೆನಪೋಲೆ ಇಟ್ಟುಕೊಳ್ಳಿ.